ಫೆರಿ ಹತ್ತಿದರೆ ಸೈಕಲ್ ಪ್ರವಾಸ ಕೆಡುತ್ತಾ?

ದೂರದ ಸೈಕಲ್ ಪ್ರವಾಸ ಮಾಡುವವರ ನಡುವೆ ಒಂದು ಹಳೇ ತಕರಾರಿದೆ. ದಾರಿಗೆ ನೀರು ಅಡ್ಡ ಬಂತು, ಫೆರಿ ಹತ್ತಿದಿರಿ ಅಂದರೆ ಆ ದಿನ ಲೆಕ್ಕಕ್ಕಿಲ್ಲವಂತೆ. ಎಲ್ಲೋ ಇರುವ ಸೇತುವೆ ಹುಡುಕಿಕೊಂಡು, ಲಾರಿಗಳ ಮಧ್ಯೆ ಜೀವ ಕೈಲಿ ಹಿಡಿದು ಸುತ್ತಿ ಬಂದವನೇ ನಿಜವಾದ ಸವಾರನಂತೆ. ನನಗಂತೂ ಇದು ಬರೀ ಹಠ ಅನ್ನಿಸುತ್ತದೆ.

ಸೈಕಲ್ ಮೇಲೆ ಮೊದಲು ಭೂಮಿ ಸುತ್ತಿದವನು ಥಾಮಸ್ ಸ್ಟೀವನ್ಸ್. ಅವನು 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಿದ್ದು ಮುಂದೆ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರ ಇರುವ ಸೈಕಲ್ ಮೇಲೆ. ಅಟ್ಲಾಂಟಿಕ್ ದಾಟಿದ್ದು ಹಡಗಿನಲ್ಲಿ. 1886ರ ಡಿಸೆಂಬರ್‌ನಲ್ಲಿ ಜಪಾನಿನ ಯೊಕೊಹಾಮಾ ತಲುಪಿದ. ಅವನು ಮೋಸ ಮಾಡಿದ ಅಂತ ಯಾರಾದರೂ ಹೇಳ್ತಾರಾ? ಭೂಮಿ ಸುತ್ತುವ ದಾಖಲೆಗೆ ಗಿನ್ನೆಸ್‌ನವರು ಕೇಳುವುದು ಕನಿಷ್ಠ 18,000 ಮೈಲಿ, ಅಂದರೆ ಸುಮಾರು 29,000 ಕಿ.ಮೀ. ತುಳಿತ. ಸಮುದ್ರ ಬಂದರೆ ಈಜಿಕೊಂಡು ಬನ್ನಿ ಅಂತ ಅವರೂ ಹೇಳುವುದಿಲ್ಲ.

ನಿಜ ಹೇಳಬೇಕೆಂದರೆ ಫೆರಿ ಇರುವ ದಿನವೇ ಜಾಸ್ತಿ ಕಷ್ಟ. ಬೇರೆ ದಿನ ಸುಸ್ತಾದರೆ ಮರದ ಕೆಳಗೆ ಮಲಗಬಹುದು. ಇವತ್ತು ಗಡಿಯಾರ ಬಿಡುವುದಿಲ್ಲ. ಲಗೇಜ್ ಹೊತ್ತ ಸೈಕಲ್ ಗಂಟೆಗೆ 15 ಕಿ.ಮೀ. ಹೋದರೆ ಹೆಚ್ಚು. 60 ಕಿ.ಮೀ. ದೂರದ ಜೆಟ್ಟಿಗೆ ಬರೀ ತುಳಿತವೇ ನಾಲ್ಕು ಗಂಟೆ. ಪಂಕ್ಚರ್, ನೀರು, ಊಟದ ಹೊತ್ತು ಬೇರೆ. ಜೊತೆಗೆ ಗಾಳಿಯ ಕಾಟ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ. ಮಧ್ಯಾಹ್ನ ಕಡಲಿನತ್ತ ತುಳಿಯುವವನಿಗೆ ಅದು ನೇರ ಮುಖಕ್ಕೇ. ಅದಕ್ಕೇ ಬೆಳಕು ಹರಿಯುವಾಗಲೇ ಹೊರಡಿ, ಹಿಡಿಯಬೇಕಾದ ಫೆರಿಗಿಂತ ಒಂದು ಮುಂಚಿನ ಫೆರಿಗೆ ಲೆಕ್ಕ ಹಾಕಿ. ದಾಟಿದ ಮೇಲೆ ಒಳನಾಡಿನ ಕಡೆ ತಿರುಗಿದರೆ ಅದೇ ಗಾಳಿ ಬೆನ್ನು ತಳ್ಳುತ್ತದೆ.

ಹತ್ತುವಾಗ ಶೂರತನ ಬೇಡ. ಒದ್ದೆಯಾದ ಕಬ್ಬಿಣದ ಇಳಿಜಾರಿನಲ್ಲಿ ಟೈರ್ ಜಾರಿದರೆ ಹಿಂದೆ ಕಾರುಗಳ ಸಾಲೇ ಇರುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಸಿಬ್ಬಂದಿ ತೋರಿಸಿದ ಕಡೆ ನಿಲ್ಲಿಸಿ. ಹಗ್ಗವನ್ನು ಫ್ರೇಮಿಗೆ ಕಟ್ಟಿ. ಗೇರಿಗೆ, ಕಡ್ಡಿಗಳಿಗೆ ಬೇಡ. ದೊಡ್ಡ ಫೆರಿಗಳಲ್ಲಿ ಹೊರಟ ಮೇಲೆ ವಾಹನಗಳ ಅಂತಸ್ತಿಗೆ ಬೀಗ ಹಾಕುವುದುಂಟು. ತಿಂಡಿ, ಜಾಕೆಟ್, ಕಾಗದಪತ್ರ ಮೊದಲೇ ತೆಗೆದಿಟ್ಟುಕೊಳ್ಳಿ. ಬೆವರಿದ ಮೈಗೆ ಡೆಕ್ಕಿನ ಗಾಳಿ ತಾಗಿದರೆ ಬೇಸಿಗೆಯಲ್ಲೂ ನಡುಕ ಬರುತ್ತದೆ. ಹಾಂ, ಜಿಪಿಎಸ್ ನಿಲ್ಲಿಸುವುದು ಮರೆಯಬೇಡಿ. ಕೂತು ಬಂದ ಕಿಲೋಮೀಟರ್‌ಗಳನ್ನು ತುಳಿದದ್ದಕ್ಕೆ ಸೇರಿಸಿಕೊಂಡರೆ ಅದು ಮಾತ್ರ ಮೋಸವೇ.

ಆಚೆ ದಡದಲ್ಲಿ ಎಲ್ಲರಿಗಿಂತ ಮೊದಲು ಓಡುವ ಆಸೆ ಬರುತ್ತದೆ. ಓಡಬೇಡಿ. ಫೆರಿಯಿಂದ ಇಳಿದ ಕಾರು, ಬಸ್ಸು ಎಲ್ಲ ಒಂದೇ ರಸ್ತೆಗೆ ನುಗ್ಗುತ್ತವೆ, ಒಂದಾದ ಮೇಲೊಂದು ನಿಮ್ಮ ಮೊಣಕೈ ಸವರಿಕೊಂಡು ಹೋಗುತ್ತವೆ. ಪಕ್ಕಕ್ಕೆ ನಿಂತು ಟೈರಿನ ಗಾಳಿ ನೋಡಿ, ಬಾಟಲಿ ತುಂಬಿಸಿ, ಬಿಗಿದ ಕಾಲು ಸ್ವಲ್ಪ ಸಡಿಲ ಮಾಡಿ. ಅಷ್ಟರಲ್ಲಿ ಆ ಸಾಲು ಖಾಲಿಯಾಗಿರುತ್ತದೆ. ಮತ್ತೆ ಅಂಥ ಗುಂಪು ಬರುವುದು ಮುಂದಿನ ಫೆರಿ ಬಂದಾಗಲೇ.