ಕೋರ್ಟಿನ ಒಳಗೊಂದು ಕುರ್ಚಿ

2025ರ ನವೆಂಬರ್‌ನಲ್ಲಿ ಮಗಳನ್ನು ಕರ್ಕೊಂಡು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದಾಗ ಪಕ್ಕದ ಸೀಟಿನ ಅಜ್ಜಿ ಕೇಳಿದ್ದು ಒಂದೇ, 'ಯಾರ ಮದುವಿ ಅಪ್ಪಾ?' ಮದುವೆ ಅಲ್ಲಮ್ಮ, ಟೆನಿಸ್ ಅಂದೆ. ಅಜ್ಜಿ ಆಮೇಲೆ ನನ್ನ ಕಡೆ ನೋಡಲೇ ಇಲ್ಲ.

ಅದೇ ತಿಂಗಳ 2ಕ್ಕೆ ನಮ್ಮ ಹೆಣ್ಮಕ್ಕಳು ಕ್ರಿಕೆಟ್ ವಿಶ್ವಕಪ್ ಗೆದ್ದಾಗ ನಮ್ಮ ಓಣಿಯಲ್ಲಿ ಪಟಾಕಿ ಹೊಡೆದಿದ್ದರು. ಎರಡು ವಾರ ಕಳೆದು ಕಬ್ಬನ್ ಪಾರ್ಕ್‌ನ ಎಸ್.ಎಂ. ಕೃಷ್ಣ ಸ್ಟೇಡಿಯಂನಲ್ಲಿ ಹೆಂಗಸರ ಟೆನಿಸ್‌ನ ದೇಶ-ದೇಶಗಳ ಕಪ್, ಬಿಲ್ಲಿ ಜೀನ್ ಕಿಂಗ್ ಕಪ್‌ನ ಪ್ಲೇ-ಆಫ್ ನಡೆದಾಗ ಬಳ್ಳಾರಿಯಲ್ಲಿ ನನಗೆ ಗೊತ್ತಿರೋ ಒಬ್ಬರಿಗೂ ಸುದ್ದಿ ಇರಲಿಲ್ಲ. ಹೆಸರು ಹೊಸದು, ಅದೂ ಒಂದು ಕಾರಣ ಇರಬಹುದು. 2020ರವರೆಗೂ ಇದು ಫೆಡ್ ಕಪ್. ಸಾನಿಯಾ ಮಿರ್ಜಾ ಆಡುತ್ತಿದ್ದ ಕಪ್ ಅಂದರೆ ಕೆಲವರಿಗೆ ಹೊಳೆಯುತ್ತೆ.

ಗಂಡಸರ ಡೇವಿಸ್ ಕಪ್ ಶುರುವಾಗಿದ್ದು 1900ರಲ್ಲಿ. ಹೆಂಗಸರ ದೇಶ-ದೇಶಗಳ ಕಪ್‌ಗೆ 1963 ಬರಬೇಕಾಯ್ತು. ಲಂಡನ್‌ನಲ್ಲಿ 16 ದೇಶ ಆಡಿದವು. ಬಹುಮಾನದ ದುಡ್ಡು ಇಲ್ಲ, ಖರ್ಚು ಅವರವರದ್ದೇ. ಆ ವರ್ಷ ಗೆದ್ದ ಅಮೆರಿಕ ತಂಡದಲ್ಲಿದ್ದ ಹುಡುಗಿಯ ಹೆಸರೇ ಈಗ ಕಪ್‌ಗೆ ಇದೆ. ಗಂಡಸರಷ್ಟೇ ದುಡ್ಡು ನಮಗೂ ಕೊಡಿ ಅಂತ ಜಗಳ ಮಾಡಿ, 1973ರಲ್ಲಿ ಯು.ಎಸ್. ಓಪನ್‌ನಲ್ಲಿ ಅದನ್ನು ತೆಗೆದುಕೊಂಡೇ ಬಿಟ್ಟವಳು.

ನಮ್ಮವರು ಪುಣೆಯಲ್ಲಿ ಏಷ್ಯಾ-ಓಷಿಯಾನಿಯಾ ಗುಂಪಿನಲ್ಲಿ ಎರಡನೇ ಜಾಗ ಹಿಡಿದು ಬೆಂಗಳೂರಿನ ಈ ಪ್ಲೇ-ಆಫ್‌ಗೆ ಬಂದಿದ್ದರು. ಅಲ್ಲಿ ಹೈದರಾಬಾದ್‌ನ ಶ್ರೀವಲ್ಲಿ ತನ್ನ ಐದೂ ಸಿಂಗಲ್ಸ್ ಗೆದ್ದಿದ್ದಳು. ಬೆಂಗಳೂರಲ್ಲಿ ಅಷ್ಟು ಆಗಲಿಲ್ಲ. ಸ್ಲೊವೇನಿಯಾ ಮುಂದೆ ಹೋಯಿತು, ನಾವು ಉಳಿದೆವು. ಅದರ ಬಗ್ಗೆ ನನಗೆ ಜಾಸ್ತಿ ಬೇಜಾರಿಲ್ಲ.

ನನಗೆ ಹಿಡಿಸಿದ್ದು ಬೇರೆ. 'ಅಪ್ಪಾ, ಅವ್ರ ಪಕ್ಕಕ್ಕೆ ಯಾರು ಕುಂತಾರ?' ಅಂತ ಮಗಳು ಕೇಳಿದಳು. ಕ್ಯಾಪ್ಟನ್. ಒಬ್ಬೊಬ್ಬರೇ ಆಡೋ ಟೂರ್ನಿಗಳಲ್ಲಿ ಕೋಚ್ ಸಾಮಾನ್ಯವಾಗಿ ಕೋರ್ಟಿನ ಹೊರಗೇ ಇರಬೇಕು, ಇಂಥ ದೇಶ-ದೇಶಗಳ ಕಪ್‌ನಲ್ಲಿ ಕ್ಯಾಪ್ಟನ್ ಕೋರ್ಟಿನ ಒಳಗೆ, ಆಟಗಾರ್ತಿಯ ಪಕ್ಕದಲ್ಲೇ ಕೂರಬಹುದು. ಸೈಡ್ ಬದಲಿಸುವಾಗ ಹುಡುಗಿ ಬೆವರು ಒರೆಸಿಕೊಂಡು ಕೂತರೆ ಅವರು ಬಗ್ಗಿ ಏನೋ ಹೇಳ್ತಾರೆ, ಅವಳು ಟವೆಲ್ ಒಳಗಿಂದಲೇ ತಲೆ ಆಡಿಸ್ತಾಳೆ. ಹಿಂದೆ ಉಳಿದ ಹುಡುಗಿಯರೆಲ್ಲ ಪ್ರತಿ ಪಾಯಿಂಟ್‌ಗೂ ಎದ್ದು ನಿಂತು ಕೂಗ್ತಾರೆ. ವರ್ಷವಿಡೀ ಒಬ್ಬೊಬ್ಬರೇ ಊರೂರು ಸುತ್ತಿ ಆಡುವವರು ಇವರು. ಮಗಳು ಚೆಂಡಿಗಿಂತ ಆ ಕುರ್ಚಿಯನ್ನೇ ಜಾಸ್ತಿ ನೋಡಿದಳು.

ಯಾಕೆ ಅಂತ ನನಗೆ ಗೊತ್ತು, ಅವಳ ಆಟದ ಪಕ್ಕ ನಿಲ್ಲೋರು ಕಡಿಮೆ. ಇಲ್ಲಿ ಬಳ್ಳಾರಿಯಲ್ಲಿ ಅವಳು ಆಡೋ ಕ್ಲಬ್‌ನಲ್ಲಿ ಸಂಜೆ ಐದೂವರೆ ಆದರೆ ಮಕ್ಕಳು ಜಾಗ ಖಾಲಿ ಮಾಡಬೇಕು, ಮೆಂಬರ್‌ಗಳು ಬರ್ತಾರೆ. ಅಂದರೆ ಮಕ್ಕಳ ಪಾಲಿಗೆ ಮೂರೂವರೆಯ ಬಿಸಿಲು. ಬಳ್ಳಾರಿಯ ಏಪ್ರಿಲ್ ಬಿಸಿಲು ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾ? ಸಿಮೆಂಟ್ ಕೋರ್ಟಿನಲ್ಲಿ ಶೂ ಒಳಗೇ ಪಾದ ಸುಡುತ್ತೆ. ಜೊತೆಗೆ ಮನೆಯಲ್ಲಿ ಅವಳ ಅಜ್ಜಿಯದು ಚಡ್ಡಿ ಪುರಾಣ. ಊರಿಗೆಲ್ಲ ಜೀನ್ಸ್ ಹೊಲಿದು ಕಳಿಸೋ ಊರು ನಮ್ಮದು, ನಾನೂ ಅದೇ ಧಂಧೆಯವನು, ಮೊಮ್ಮಗಳ ಚಡ್ಡಿ ಮಾತ್ರ ಮೊಣಕಾಲು ಮುಚ್ಚಬೇಕಂತೆ!

ನಮ್ಮ ಹುಡುಗಿಯರಿಗೆ ಆಟ ಬರಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ. ನಮ್ಮಿಂದ ಬರೀ ನೂರು ಕಿಲೋಮೀಟರ್ ಆಸುಪಾಸಿನ ಅನಂತಪುರದಲ್ಲಿ ಸ್ಪೇನ್‌ನ ಟೆನಿಸ್ ಆಟಗಾರ ರಾಫೆಲ್ ನಡಾಲ್‌ನ ಫೌಂಡೇಷನ್ 2010ರಲ್ಲೇ ಬಡ ಮಕ್ಕಳಿಗೆ ಟೆನಿಸ್ ಶಾಲೆ ತೆರೆಯಿತು. ಅದೇ ಕೆಂಪು ಮಣ್ಣು, ಅದೇ ಬಿಸಿಲು, ಅದೇ ಶೇಂಗಾ ಹೊಲ. ನಮ್ಮ ತೋರಣಗಲ್ಲಿನಲ್ಲಿ ದೊಡ್ಡ ಕ್ರೀಡಾ ಸಂಸ್ಥೆ ಇದೆ, ದೇಶದ ಎಲ್ಲೆಲ್ಲಿಂದಲೋ ಹುಡುಗಿಯರು ಬಂದು ಕುಸ್ತಿ, ಬಾಕ್ಸಿಂಗ್ ಕಲೀತಾರೆ. ಊರಿನ ಮಕ್ಕಳಿಗೆ ಸಂಜೆ ಒಂದು ಗಂಟೆ ಕೋರ್ಟ್ ಬಿಟ್ಟುಕೊಡೋಕೆ ಮಾತ್ರ ನಮ್ಮ ಕೈಲಿ ಆಗ್ತಿಲ್ಲ. ಮೆಂಬರ್‌ಗಳು ಯಾರಾದರೂ ಇದನ್ನು ಓದ್ತಿದ್ದರೆ ಕೋಪ ಮಾಡ್ಕೊಳ್ಳಿ ಸರ್, ಪರವಾಗಿಲ್ಲ. ಮುಂದಿನ ಮೀಟಿಂಗ್‌ನಲ್ಲಿ ಒಂದು ಮಾತು ಎತ್ತಿ.

ಹೋದ ಭಾನುವಾರ ಅವಳಿಗೆ ಇನ್ನೊಂದು ಹುಡುಗಿ ಜೊತೆ ಮ್ಯಾಚ್ ಇತ್ತು. ವಾಚ್‌ಮನ್ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಇಸ್ಕೊಂಡು ನೆಟ್ ಪಕ್ಕ ಹಾಕಿ ಕೂತೆ. ಅವಳು ಬಂದು ಪಕ್ಕದ ಕಟ್ಟೆ ಮೇಲೆ ಕೂತು, ಟವೆಲ್ ಮುಖಕ್ಕೆ ಹಾಕ್ಕೊಂಡು, ನಾನು ಏನಾದರೂ ಹೇಳ್ತೀನಿ ಅಂತ ಕಾಯ್ತಾ ಇದ್ದಳು. ನನಗೆ ಬ್ಯಾಕ್‌ಹ್ಯಾಂಡ್ ಯಾವುದು ಅಂತ ಸರಿಯಾಗಿ ಗೊತ್ತಾಗಿದ್ದೇ ಮೊನ್ನೆ. 'ನೀರು ಕುಡಿ' ಅಂದೆ. ಟವೆಲ್ ಒಳಗಿಂದಲೇ ತಲೆ ಆಡಿಸಿದಳು.