ನೂರು ಕಾರ್ಡಿಗೂ ಐನೂರಕ್ಕೂ ಹೆಚ್ಚುಕಡಿಮೆ ಒಂದೇ ರೇಟು ಯಾಕೆ?

"ಐನೂರು ಕಾರ್ಡಿಗೆ ಇಷ್ಟು ಅಂದ್ರೆ, ನೂರಕ್ಕೆ ಅದರ ಐದನೇ ಒಂದು ಭಾಗ ಅಲ್ವಾ?" ಮದುವೆ ಸೀಸನ್ ಬಂತೆಂದರೆ ಮುಂಬಯಿಯ ಲೋವರ್ ಪರೇಲ್‌ನಲ್ಲಿ ನಮ್ಮ ಪ್ರೆಸ್ ಇರುವ ಗಾಲಾಕ್ಕೆ, ಅಂದರೆ ಪುಟ್ಟ ಮಳಿಗೆಗೆ, ಬರುವ ನೆಂಟರು, ಸಂಘದವರು, ಊರಿನವರು ಎಲ್ಲರೂ ಕೇಳುವುದು ಇದನ್ನೇ. ಅಲ್ಲ ಮಾರಾಯ್ರೆ. ಖರ್ಚಿನ ಬಹುಪಾಲು ಮೊದಲ ಒಳ್ಳೆಯ ಕಾರ್ಡ್ ಹೊರಬರುವಷ್ಟರಲ್ಲೇ ಆಗಿಹೋಗಿರುತ್ತದೆ.

ಆಫ್‌ಸೆಟ್ ಮೆಷಿನ್ ನಡೆಯುವುದು ಎಣ್ಣೆ ನೀರಿನ ಜಗಳದ ಮೇಲೆ. ಅಲ್ಯೂಮಿನಿಯಂ ಪ್ಲೇಟಿನಲ್ಲಿ ಅಕ್ಷರ, ಚಿತ್ರ ಇರುವ ಜಾಗ ಶಾಯಿ ಹಿಡಿಯುತ್ತದೆ. ಉಳಿದ ಜಾಗ ನೀರು ಹಿಡಿದು ಶಾಯಿಯನ್ನು ದೂರ ಇಡುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಅಲ್ಲಿಯೂ ಇದೇ ಜಗಳ, ಪ್ಲೇಟಿನ ಬದಲು ಕಲ್ಲು ಅಷ್ಟೇ. ಆಫ್‌ಸೆಟ್‌ನಲ್ಲಿ ಪ್ಲೇಟು ಕಾಗದವನ್ನು ಮುಟ್ಟುವುದೇ ಇಲ್ಲ. ಶಾಯಿ ಮೊದಲು ಸಿಲಿಂಡರಿಗೆ ಸುತ್ತಿದ ರಬ್ಬರ್ ಬ್ಲಾಂಕೆಟ್‌ಗೆ ಹೋಗಿ ಉಲ್ಟಾ ಬೀಳುತ್ತದೆ, ಅಲ್ಲಿಂದ ಕಾಗದಕ್ಕೆ ಬಂದು ಮತ್ತೆ ಸೀದಾ ಆಗುತ್ತದೆ. ಅದಕ್ಕೇ ಪ್ಲೇಟಿನಲ್ಲಿ ಅಕ್ಷರ ಸೀದಾ ಇರುತ್ತದೆ, ನೋಡಿದವರಿಗೆ ಆಶ್ಚರ್ಯ.

ಬಣ್ಣದ ಕಾರ್ಡಾದರೆ ನಾಲ್ಕು ಪ್ಲೇಟು: ಸಯಾನ್, ಮಜೆಂಟಾ, ಹಳದಿ, ಕಪ್ಪು. ನಾಲ್ಕೂ ಒಂದರ ಮೇಲೊಂದು ಕೂದಲೆಳೆಯಷ್ಟೂ ತಪ್ಪದೆ ಕೂರಬೇಕು. ಇದಕ್ಕೆ ರಿಜಿಸ್ಟರ್ ಅನ್ನುತ್ತೇವೆ. ಲೆನ್ಸ್ ಇಟ್ಟು ನೋಡುವುದು, ಪ್ಲೇಟು ಸರಿಸುವುದು, ನೀರು ಕಡಿಮೆ ಮಾಡುವುದು, ಮತ್ತೆ ನೋಡುವುದು. ಇಷ್ಟರಲ್ಲಿ ನೂರಿನ್ನೂರು ಹಾಳೆ ರದ್ದಿಗೆ ಹೋಗಿರುತ್ತದೆ. ನೂರು ಕಾರ್ಡ್ ಬೇಕಾದವರಿಗೂ ಅಷ್ಟೇ, ಐದು ಸಾವಿರ ಬೇಕಾದವರಿಗೂ ಅಷ್ಟೇ. ಐವತ್ತು ನೂರು ಸಾಕು ಅನ್ನುವವರಿಗೆ ನಾನೇ ಹೇಳುತ್ತೇನೆ, ಡಿಜಿಟಲ್‌ನವರ ಹತ್ತಿರ ಹೋಗಿ ಅಂತ. ಅಲ್ಲಿ ಪ್ಲೇಟಿಲ್ಲ. ಅಪ್ಪನಿಗೆ ಇದು ಹಿಡಿಸುವುದಿಲ್ಲ, ಬಂದ ಗಿರಾಕಿಯನ್ನು ಕಳಿಸ್ತೀಯಲ್ಲ ಅಂತ.

ಜುಲೈ ತಿಂಗಳಲ್ಲಿ ಮುಂಬಯಿಯ ಪ್ರೆಸ್ಸಿಗೆ ಅವಸರದ ಕೆಲಸ ಕೊಡಲೇಬೇಡಿ. ಕಾಗದ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಅಂಚು ಅಲೆಯಾಗುತ್ತದೆ. ಬೆಳಿಗ್ಗೆ ಕೂತ ರಿಜಿಸ್ಟರ್ ಮಧ್ಯಾಹ್ನ ಇರುವುದಿಲ್ಲ. ಶಾಯಿ ಒಣಗುವುದಿಲ್ಲ, ಮೇಲಿನ ಹಾಳೆಯ ಬೆನ್ನಿಗೆ ಕೆಳಗಿನ ಹಾಳೆಯ ಗಣಪತಿ ಅಂಟಿಕೊಳ್ಳುತ್ತಾನೆ. ಪೌಡರ್ ಸಿಂಪಡಿಸುತ್ತೇವೆ, ಆದರೂ ಕಾಯಲೇಬೇಕು.

ಇನ್ನು ಕನ್ನಡ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುವ ಕಾಲದಲ್ಲಿ ನಮ್ಮ ಒತ್ತಕ್ಷರಗಳಿಗಾಗಿ ಮೊಳೆ ಇಡುವ ಕೇಸಿನಲ್ಲಿ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಜಾಸ್ತಿ ಮನೆ ಬೇಕಿತ್ತು. ಅಪ್ಪ ಆ ಕೆಲಸದಿಂದಲೇ ಮೇಲೆ ಬಂದವರು, ತಲೆಕೆಳಗಾದ ಕನ್ನಡವನ್ನು ಈಗಲೂ ಸರಾಗವಾಗಿ ಓದುತ್ತಾರೆ. ಇವತ್ತು ಮೊಳೆ ಇಲ್ಲ, ಒತ್ತಿನ ಕಾಟ ಹಾಗೇ ಇದೆ. ಗಿರಾಕಿ 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ, ನಮ್ಮ ಡಿಸೈನರ್ ತೆರೆದದ್ದು ಬೇರೆ ಫಾಂಟಿನಲ್ಲಿ, ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಮೊಬೈಲಿನಲ್ಲೆಲ್ಲ ಬಳಸುವ ಯೂನಿಕೋಡ್ ಅಕ್ಷರದಲ್ಲಿ ಕಳಿಸಿದರೆ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತು ಕಳಚಿ ಪಕ್ಕದಲ್ಲಿ ನಿಲ್ಲುತ್ತದೆ. ಡಿಸೈನರ್ ಮರಾಠಿ ಹುಡುಗ, ಕನ್ನಡ ಅವನಿಗೆ ಬರೀ ಚಿತ್ರ. ಹಾಗಾಗಿ ಕೊನೆಗೆ ಓದುವವರು ಅಪ್ಪನೇ. ಓದುವುದು ಅಂದರೆ ಕಾಗುಣಿತ ಮಾತ್ರ ಅಲ್ಲ. ತಾರೀಕಿಗೂ ವಾರಕ್ಕೂ ಹೊಂದುತ್ತದಾ ಅಂತ ಕ್ಯಾಲೆಂಡರ್ ತೆಗೆದು ನೋಡುತ್ತಾರೆ. ಕನ್ನಡದಲ್ಲಿ ಒಂದು ಮುಹೂರ್ತ, ಇಂಗ್ಲಿಷಿನಲ್ಲಿ ಇನ್ನೊಂದು ಇದ್ದದ್ದನ್ನು ಹಿಡಿದಿದ್ದಾರೆ. ಅಜ್ಜ ತೀರಿಕೊಂಡಿದ್ದರೂ ಹೆಸರಿನ ಹಿಂದೆ 'ಶ್ರೀ' ಉಳಿದಿದ್ದರೆ ಫೋನ್ ಮಾಡಿ ಮೆಲ್ಲಗೆ ವಿಚಾರಿಸುತ್ತಾರೆ.

ಇಷ್ಟೆಲ್ಲ ಮಾಡಿದ್ದಕ್ಕೆ ಇಷ್ಟು ದಿನ ಬಿಲ್ಲಿನಲ್ಲಿ ಎಷ್ಟಿತ್ತು? ಸೊನ್ನೆ. ಕಾಗದ, ಪ್ಲೇಟು, ಪ್ರಿಂಟಿಂಗು, ಲ್ಯಾಮಿನೇಷನ್ ಎಲ್ಲಕ್ಕೂ ಸಾಲು ಇದೆ, ಓದಿ ತಿದ್ದುವ ಕಣ್ಣಿಗೆ ಇರಲಿಲ್ಲ. ಅಮ್ಮ ರಾತ್ರಿ ಕೂತು ಕವರಿಗೆ ಕಾರ್ಡ್ ಹಾಕಿದ್ದಕ್ಕೂ ಇಲ್ಲ. ಮನೆಯ ಪ್ರೆಸ್ಸುಗಳು ದೊಡ್ಡವರಿಗಿಂತ ಅಗ್ಗ ಅನ್ನುತ್ತಾರೆ. ಅಗ್ಗ ಅಲ್ಲ, ಮನೆಯವರ ಸಂಬಳ ಲೆಕ್ಕಕ್ಕೇ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳು ಈ ಧಂಧೆ ಬೇಡ ಅನ್ನುವುದು ಸೋಮಾರಿತನದಿಂದ ಅಲ್ಲ, ಈ ಲೆಕ್ಕವನ್ನು ಚಿಕ್ಕಂದಿನಿಂದ ನೋಡಿದ್ದರಿಂದ.

ಇದೇ ಊರಿನಲ್ಲಿ 1869ರಲ್ಲಿ ಜಾವಜಿ ದಾದಾಜಿ ನಿರ್ಣಯಸಾಗರ ಪ್ರೆಸ್ ಕಟ್ಟಿದರು, ಆಮೇಲೆ ಮಗ ತುಕಾರಾಮ ಜಾವಜಿ ನಡೆಸಿದರು. ಅವರ ಸಂಸ್ಕೃತ ಪುಸ್ತಕಗಳನ್ನು ಪಂಡಿತರು ಇವತ್ತಿಗೂ ಹುಡುಕಿ ಇಟ್ಟುಕೊಳ್ಳುತ್ತಾರೆ. ಅಂದವಾದ ಮೊಳೆ ಒಂದು ಕಾರಣ. ಎಚ್ಚರದಿಂದ ತಿದ್ದಿದ ಪಾಠ ಇನ್ನೊಂದು, ನನ್ನ ಪ್ರಕಾರ ಅದೇ ದೊಡ್ಡದು.

ಅದಕ್ಕೇ ಈ ಸೀಸನ್‌ನಿಂದ ನಮ್ಮ ಎಸ್ಟಿಮೇಟಿನಲ್ಲಿ 'ಕರಡು ತಿದ್ದುವಿಕೆ' ಅಂತ ಬೇರೆ ಸಾಲು ಹಾಕಿದ್ದೇನೆ. ಮೊದಲ ಕರಡು ಫ್ರೀ, ಎರಡನೆಯದರಿಂದ ಭಾಷೆಗೆ ಇಷ್ಟು ಅಂತ ಚಾರ್ಜು. ಪ್ಲೇಟ್ ಆದಮೇಲೆ ಚಿಕ್ಕಪ್ಪನ ಹೆಸರು ಸೇರಿಸಬೇಕು ಅಂದರೆ ಪ್ಲೇಟಿನ ದುಡ್ಡೂ ನಿಮ್ಮದೇ. "ಸಂಘದವರ ಹತ್ತಿರ ಓದಿದ್ದಕ್ಕೆ ದುಡ್ಡು ಕೇಳ್ತೀಯಾ?" ಅಂದರು ಅಪ್ಪ. ಕೇಳುತ್ತೇನೆ. ಬೇಡ ಅನ್ನುವವರು ಕರಡಿನ ಮೇಲೆ 'ನಾವೇ ಓದಿದ್ದೇವೆ' ಅಂತ ಸಹಿ ಹಾಕಿ ಕೊಡಲಿ, ಆ ಸಾಲು ತೆಗೆಯುತ್ತೇನೆ. ಇಲ್ಲಿಯವರೆಗೆ ಒಬ್ಬರೂ ಸಹಿ ಹಾಕಿಲ್ಲ.