ಬಾಯಿ ತಪ್ಪಿ ಪೆಟ್ರೋಲ್

ಹಳೇ ಕಾರು ಮಾರಿದಾಗ ಅದರಿಂದ ನನ್ನ ಜೊತೆ ಬಂದದ್ದು ಎರಡೇ. ಒಂದು, 50 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಅಂದರೆ ಇನ್ಶೂರೆನ್ಸ್‌ನವರಿಂದ ದುಡ್ಡು ಕೇಳದೆ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಇನ್ನೊಂದು, ಪಂಪಿನಲ್ಲಿ ಗಾಜು ಇಳಿಸಿದ ಕೂಡಲೇ ‘ಪೆಟ್ರೋಲ್’ ಎನ್ನುವ ಬಾಯಿಚಾಳಿ. ಮೊದಲನೆಯದನ್ನು ತರಲು ಸರ್ಟಿಫಿಕೇಟ್ ಬೇಕಾಯಿತು. ಎರಡನೆಯದು ತಾನಾಗೇ ಬಂತು.

ಆ ಬೋನಸ್ ಕಾರಿನದ್ದಲ್ಲ, ಮಾಲೀಕನದ್ದು. ಒಂದು ವರ್ಷ ಕ್ಲೇಮ್ ಮಾಡದಿದ್ದರೆ 20 ಪರ್ಸೆಂಟ್, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಅದರ ಮೇಲೆ ಮೆಟ್ಟಿಲಿಲ್ಲ. ಐದು ವರ್ಷ ಪುಣೆಯ ಟೂ ವೀಲರ್‌ಗಳ ನಡುವೆ ಕಾರು ಓಡಿಸಿ, ಬಂಪರಿನ ಗೀರುಗಳನ್ನೆಲ್ಲ ಕೈಯಿಂದಲೇ ದುಡ್ಡು ಕೊಟ್ಟು ಮುಚ್ಚಿಸಿ ನಾನು ಆ ತುದಿ ಮುಟ್ಟಿದ್ದೆ. ಮನೆಗೆ ಬಂದವರಿಗೆ ಮಗನ ಮಾರ್ಕ್ಸ್ ಜೊತೆ ಇದನ್ನೂ ಹೇಳುತ್ತಿದ್ದೆ. ಮಗನದ್ದಕ್ಕಿಂತ ಇದೇ ವಾಸಿ ಇತ್ತು.

ಹೊಸ ಕಾರೂ ಪೂರ್ತಿ ಹೊಸದಲ್ಲ. ಬೆಳಗಾವಿಯಲ್ಲಿರುವ ನನ್ನ ಹೆಂಡತಿಯ ಅಣ್ಣ ಆರು ವರ್ಷ ಓಡಿಸಿ ನಮಗೆ ಮಾರಿದ ಡೀಸೆಲ್ ಗಾಡಿ. ಕೀಲಿ ಕೈಗಿಡುವಾಗ “ಮಗಳಂಗ ನೋಡ್ಕೊಂಡೀನಿ” ಎಂದು ಗಂಟಲು ಸರಿ ಮಾಡಿಕೊಂಡರು. ತಂಗಿಯನ್ನು ನನ್ನ ಜೊತೆ ಕಳಿಸುವಾಗಲೂ ಇಷ್ಟು ಭಾವುಕರಾಗಿರಲಿಲ್ಲ.

ಅವರ ಮಗನ ಮುಂಜಿಗೆಂದೇ ಆ ಶನಿವಾರ ಬೆಳಗ್ಗೆ ಪುಣೆಯಿಂದ ಹೊರಟಿದ್ದೆವು. ವಾರ್ಜೆ ದಾಟುವ ಮೊದಲು ಪಂಪಿಗೆ ಹೊಕ್ಕೆ. ಹಿಂದೆ ಮಗನೂ ಮಗಳೂ ಕಿಟಕಿ ಸೀಟಿಗೆ ಜಗಳ, ಪಕ್ಕದಲ್ಲಿ ಹೆಂಡತಿ ಫೋನಿನಲ್ಲಿ ಸೀರೆಯ ಬಣ್ಣದ ಚರ್ಚೆ. ಪಂಪಿನ ಹುಡುಗ ಬಂದ. ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು: “ಪೆಟ್ರೋಲ್, ದೋನ್ ಹಜಾರ್‌ಚಂ ಟಾಕಾ.” ಎರಡು ಸಾವಿರದ್ದು ಹಾಕಿ ಎಂದು.

“ಪೆಟ್ರೋಲ್ ನಾ?” ಎಂದು ಆತ ಇನ್ನೊಮ್ಮೆ ಕೇಳಿದ.

“ಹೋ, ಹೋ” ಎಂದೆ. ದೇವರು ಪುಣ್ಯಾತ್ಮರಿಗೆ ಎರಡನೇ ಅವಕಾಶ ಕೊಡುತ್ತಾನಂತೆ. ನನಗೂ ಕೊಟ್ಟಿದ್ದ, ನಾನೇ ತಗೊಳ್ಳಲಿಲ್ಲ. “ಝೀರೋ ಬಘಾ ಸಾಹೇಬ್” ಎಂದ. ಝೀರೋ ನೋಡಿದೆ. ಮೋಸ ಹೋಗಬಾರದಲ್ಲ! ಹತ್ತೊಂಬತ್ತು ಲೀಟರ್ ಚಿಲ್ಲರೆ ಒಂದು ಹನಿಯೂ ಕಡಿಮೆಯಿಲ್ಲದಂತೆ ಹಾಕಿಸಿಕೊಂಡೆ.

ಡೀಸೆಲ್ ಪೈಪಿನ ಮೂತಿ ಸಾಮಾನ್ಯವಾಗಿ ದಪ್ಪ ಇರುತ್ತದೆ. ಪೆಟ್ರೋಲ್ ಕಾರಿನ ಬಾಯಿಗೆ ಅದು ಸುಲಭಕ್ಕೆ ಹಿಡಿಸುವುದಿಲ್ಲ, ಅಲ್ಲೇ ಅನುಮಾನ ಬರುತ್ತದೆ. ಪೆಟ್ರೋಲಿನ ಮೂತಿ ಸಣ್ಣದು. ಡೀಸೆಲ್ ಕಾರಿನೊಳಗೆ ಅದು ಮಾವನ ಮನೆಗೆ ಬಂದ ಅಳಿಯನ ಹಾಗೆ ಸರಾಗವಾಗಿ ಹೋಗುತ್ತದೆ. ಯಾರೂ ತಡೆಯುವುದಿಲ್ಲ.

ಕಾರು ಮಾತ್ರ ತಕ್ಷಣ ಏನೂ ಹೇಳಲಿಲ್ಲ. ಪೈಪಿನಲ್ಲಿ ಉಳಿದಿದ್ದ ಡೀಸೆಲ್ ಕುಡಿದುಕೊಂಡು ನವಲೆ ಬ್ರಿಜ್ ತನಕ ಮರ್ಯಾದೆಯಿಂದ ಬಂತು. ಅಲ್ಲಿಂದ ಕಾತ್ರಜ್ ಸುರಂಗದ ಕಡೆ ಏರು. ಏರಿನಲ್ಲಿ ಒಂದು ಸಲ ಕೆಮ್ಮಿತು. ಆಮೇಲೆ ಬೋನೆಟ್ಟಿನೊಳಗೆ ಯಾರೋ ಸ್ಟೀಲ್ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಸದ್ದು. ಹಿಂದೆ ಬಿಳಿ ಹೊಗೆ. ಸ್ವಾಮಿನಾರಾಯಣ ಮಂದಿರ ದಾಟಿ ಸ್ವಲ್ಪ ಮುಂದೆ ಎಡಕ್ಕೆ ಒತ್ತಿಕೊಂಡು ಗಾಡಿ ನಿಂತೇ ಹೋಯಿತು.

ನಾನು ಇನ್ನೂ “ಸೆನ್ಸರ್ ಇರಬೇಕು” ಎನ್ನುತ್ತಿದ್ದೆ. ನನಗೆ ಗೊತ್ತಿಲ್ಲದ್ದಕ್ಕೆಲ್ಲ ನಾನು ಇಟ್ಟ ಹೆಸರು ಅದು. ಹೆಂಡತಿ ಡ್ಯಾಶ್‌ಬೋರ್ಡಿನ ಮೇಲಿದ್ದ ಪಂಪಿನ ಚೀಟಿ ತೆಗೆದು ಓದಿದಳು. ಫೋನಿನಲ್ಲಿದ್ದವರಿಗೆ “ಆಮ್ಯಾಲೆ ಮಾಡ್ತೀನಿ” ಎಂದು ಕಟ್ ಮಾಡಿ, ಬಹಳ ಮೆತ್ತಗೆ ಕೇಳಿದಳು: “ಅಲ್ರೀ, ನಮ್ಮ ಗಾಡಿ ಡೀಸೆಲ್ ಅಲ್ಲೇನ್ರೀ?”

ಧಾರವಾಡದ ಹೆಣ್ಣುಮಕ್ಕಳು ಜೋರಾಗಿ ಬೈದರೆ ಹೆದರಬೇಕಿಲ್ಲ. ಮೆತ್ತಗೆ ಮಾತಾಡಿದರೆ ಹೆದರಬೇಕು.

ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇತ್ತು. ಟೋಯಿಂಗ್ ಗಾಡಿ ಬಂತು. ಅದಕ್ಕೆ ದುಡ್ಡಿಲ್ಲ, ಅದರಿಂದ ಬೋನಸ್ಸೂ ಹೋಗುವುದಿಲ್ಲ ಎಂದು ಫೋನಿನಲ್ಲಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಹೆಂಡತಿ ಮಕ್ಕಳು ಬ್ಯಾಗು ಹಿಡಿದು ಹೈವೇ ಬದಿ ನಿಂತಿದ್ದರು, ನನ್ನ ಚಿಂತೆ ಬೋನಸ್ಸಿನದು. ಮೇಲೆ ಹತ್ತಿಸಿಕೊಂಡ ಕಾರು ವಾಪಸ್ ವಾರ್ಜೆಯ ಕಡೆ ಹೋಯಿತು. ಅದನ್ನು ಹಿಂದಿನಿಂದ ನೋಡುವಾಗ ಭಾವನ ಗಂಟಲು ಸರಿ ಮಾಡಿಕೊಂಡ ಸದ್ದು ನೆನಪಾಯಿತು.

ಬಸ್ ಹಿಡಿದು ಬೆಳಗಾವಿ ಮುಟ್ಟಿದೆವು. ಅಂಗಳದಲ್ಲೇ ಭಾವ, “ಗಾಡಿ ಎಲ್ಲಿ?”

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, “ಸರ್ವಿಸಿಂಗ್‌ಗೆ ಬಿಟ್ಟಾರಣ್ಣ” ಎಂದಳು. ನನ್ನ ಬಾಯಿಯ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು, ಪಾಪ.

“ನಮ್ಮ ಕೈಯಾಗ ಆರು ವರ್ಷ ಒಂದಿನಾನೂ ನಿಲ್ಲಲಿಲ್ಲ ನೋಡ್ರಿ” ಎಂದರು ಭಾವ. ಊಟದಲ್ಲಿ ಹೋಳಿಗೆ ಮೂರು ಹಾಕಿಸಿಕೊಂಡೆ. ಒಂದರ ರುಚಿಯೂ ನೆನಪಿಲ್ಲ.

ಸೋಮವಾರ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಇಂಡಿ ಕಡೆಯವನು. ಹೆಸರಿನ ಜೊತೆ ನನ್ನ ಕನ್ನಡ ಕೇಳಿದ ಮೇಲೆ ಮರಾಠಿ ಬಿಟ್ಟ. “ಸಾಹೇಬ್ರ, ಡೀಸೆಲ್ ಅಂದ್ರ ಬರೇ ಉರಿಯೂದಲ್ರಿ. ಒಳಗಿನ ಪಂಪಿಗೆ ಅದ ಎಣ್ಣಿ. ಪೆಟ್ರೋಲ್ ಹೋದ್ರ ಆ ಜಿಡ್ಡೆಲ್ಲ ತೊಳದು ಹೋಗ್ತದ. ಆಮ್ಯಾಲೆ ಕಬ್ಬಿಣಕ್ಕ ಕಬ್ಬಿಣ ಉಜ್ಜತದ.” ಆ ಪಂಪು ಇಂಧನವನ್ನು ಸಾವಿರ ಬಾರ್ ಮೀರಿದ ಒತ್ತಡದಲ್ಲಿ ನೂಕುತ್ತದಂತೆ. ನಾವು ಟೈರಿಗೆ ತುಂಬಿಸುವ ಗಾಳಿ ಎರಡು ಬಾರ್ ಚಿಲ್ಲರೆ. ಒಣಗಿ ಉಜ್ಜಿದರೆ ಲೋಹದ ಪುಡಿ ಉದುರಿ ಇಂಜೆಕ್ಟರ್‌ಗಳವರೆಗೆ ಹೋಗುತ್ತದೆ. ಆಗ ಖರ್ಚು ಲಕ್ಷದ ಮಾತು. “ಕೀಲಿ ತಿರುವೂಕಿಂತ ಮೊದಲ ಗೊತ್ತಾಗಿದ್ರ ಟ್ಯಾಂಕ್ ಖಾಲಿ ಮಾಡಿ ಚಹಾ ಕುಡದು ಹೋಗಬಹುದಿತ್ರಿ” ಎಂದ. ನಾನು ಕೀಲಿ ತಿರುವಿ, ಕೆಮ್ಮಿದ ಮೇಲೂ ಆಕ್ಸಿಲರೇಟರ್ ಒತ್ತಿ, ಏರು ಹತ್ತಿಸಿದ್ದೆ.

ಪಂಪು ನಾಳೆ ಬಿಚ್ಚುತ್ತೇನೆ, ಅಷ್ಟರಲ್ಲಿ ಕ್ಲೇಮ್ ಮಾಡುತ್ತೀರೋ ಇಲ್ಲವೋ ಹೇಳಿ ಎಂದ. ಕ್ಲೇಮ್ ಆದರೆ ಇನ್ಶೂರೆನ್ಸ್‌ನವರು ಕಳಿಸುವ ಸರ್ವೇಯರ್ ನೋಡುವ ಮೊದಲು ಸ್ಪ್ಯಾನರ್ ಮುಟ್ಟುವಂತಿಲ್ಲ.

ಆ ರಾತ್ರಿ ನಮ್ಮ ಮನೆಯಲ್ಲಿ ಪಂಚಾಯ್ತಿ. ಧಾರವಾಡದಿಂದ ಅಪ್ಪ ಫೋನಿನಲ್ಲಿ, “ಇಷ್ಟು ವರ್ಷ ಕಟ್ಟೀಯಲ್ಲೋ, ಒಂದು ರೂಪಾಯಿ ವಾಪಸ್ ಬಂದದ ಏನು? ಮಾಡು ಕ್ಲೇಮು” ಎಂದರು. ಅಪ್ಪನ ಪ್ರಕಾರ ಇನ್ಶೂರೆನ್ಸ್ ಅಂದರೆ ಬಡ್ಡಿ ಕೊಡದ ಫಿಕ್ಸೆಡ್ ಡೆಪಾಸಿಟ್. ಆಫೀಸಿನ ಗೆಳೆಯನೊಬ್ಬ, “ಕೆಳಗೆ ಕಲ್ಲು ಬಡೀತು ಅಂತ ಹೇಳು” ಎಂದ. ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಅದಕ್ಕಿಂತ ಮುಖ್ಯ, ಕಲ್ಲು ಬಡಿದರೆ ಟ್ಯಾಂಕಿನೊಳಗೆ ಪೆಟ್ರೋಲ್ ಹೇಗೆ ಬಂತು ಎಂದು ಕೇಳಿದರೆ ಉತ್ತರವಿಲ್ಲ.

ಮೇಲಿನ ಮಹಡಿಯ ಕಾಕಾ ಬ್ಯಾಂಕಿನಿಂದ ರಿಟೈರ್ ಆದವರು. ಪುಣೆಯವರು ಬೇರೆ. ಓದದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ನನ್ನ ಪಾಲಿಸಿಯನ್ನು ನಾನು ಮೊದಲ ಸಲ ಓದಿಸಿ ಕೇಳಿದ್ದು ಅವರಿಂದಲೇ. ಹೊರಗಿನಿಂದ ಆಕಸ್ಮಿಕವಾಗಿ ಆದ ಹಾನಿಗೆ ದುಡ್ಡು ಉಂಟು. ಮೆಕ್ಯಾನಿಕಲ್ ಬ್ರೇಕ್‌ಡೌನಿಗೆ ಇಲ್ಲ. ಒಂದು ಹಾನಿಯ ಬೆನ್ನಿಗೆ ಹುಟ್ಟಿದ ಇನ್ನೊಂದು ಹಾನಿಗೂ ಇಲ್ಲ. ಎಂಜಿನ್ ಪ್ರೊಟೆಕ್ಟ್ ಎಂದು ನಾನು ಜಾಸ್ತಿ ಕಟ್ಟಿದ್ದು ಮಳೆನೀರು ನುಗ್ಗಿದರೆ, ಎಂಜಿನ್ ಆಯಿಲ್ ಸೋರಿದರೆ ಎಂದಿತ್ತು.

“ಪೆಟ್ರೋಲೂ ದ್ರವ ಪದಾರ್ಥವೇ ಅಲ್ವಾ ಕಾಕಾ? ಹೊರಗಿನಿಂದಲೇ ಬಂತು. ಆಕಸ್ಮಿಕವೂ ಹೌದು” ಎಂದು ನಾನು ವಾದ ಮಾಡಿದೆ.

ಕಾಕಾ ಕನ್ನಡಕದ ಮೇಲಿಂದ ನೋಡಿ, “ಎರಡು ಸಾವಿರ ಕೊಟ್ಟು, ಝೀರೋ ನೋಡಿ ಹಾಕಿಸಿಕೊಂಡದ್ದು ಆಕಸ್ಮಿಕವೇ?” ಎಂದು ಮರಾಠಿಯಲ್ಲಿ ಕೇಳಿದರು.

ಹೆಲ್ಪ್‌ಲೈನಿಗೂ ಫೋನ್ ಮಾಡಿದ್ದೆ. ಅಲ್ಲಿದ್ದ ಹುಡುಗಿ ಬಹಳ ಕಾಳಜಿಯಿಂದ ಯಾರಿಗಾದರೂ ಪೆಟ್ಟಾಯಿತೇ, ಯಾವುದಕ್ಕೆ ಡಿಕ್ಕಿಯಾಯಿತು ಎಂದೆಲ್ಲ ವಿಚಾರಿಸಿದಳು. ಡಿಕ್ಕಿಯಾಗಿಲ್ಲ, ಬಾಯಿ ತಪ್ಪಿದೆ ಎಂದೆ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, ಕ್ಲೇಮ್ ಹಾಕಬಹುದು, ಕೊಡುವುದೋ ಬಿಡುವುದೋ ಸರ್ವೇ ಆದ ಮೇಲೆ ಎಂದಳು.

ಆಮೇಲೆ ಲೆಕ್ಕಕ್ಕೆ ಕೂತೆ. ಮುಂಜಿಯ ಆಮಂತ್ರಣ ಪತ್ರಿಕೆಯ ಹಿಂಬದಿ ಖಾಲಿ ಇತ್ತು. ಬೋನಸ್ ಸಿಗುವುದು ನಮ್ಮ ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂ ಮೇಲೆ ಮಾತ್ರ, ಬೇರೆಯವರಿಗಾಗುವ ಹಾನಿಗೆಂದು ಕಟ್ಟುವ ಥರ್ಡ್ ಪಾರ್ಟಿ ಭಾಗಕ್ಕಲ್ಲ. ನನ್ನದು ಬೋನಸ್ ಕಳೆಯುವ ಮೊದಲು 9,000. ಒಂದು ಕ್ಲೇಮ್ ಮಾಡಿದರೆ 50 ಸೀದಾ ಸೊನ್ನೆಗೆ ಇಳಿಯುತ್ತದೆ. ಜನ ಅಷ್ಟಕ್ಕೇ ಲೆಕ್ಕ ನಿಲ್ಲಿಸುತ್ತಾರೆ, 4,500 ಹೋಯಿತು ಎಂದು. ಆದರೆ ಮುಂದಿನ ವರ್ಷ 20ಕ್ಕೆ ಬಂದಿರುತ್ತೇನೆ, ಅಂದರೆ 30 ಕಮ್ಮಿ. ಅದರ ಮುಂದಿನ ವರ್ಷ 25 ಕಮ್ಮಿ, ಆಮೇಲೆ 15, ಆಮೇಲೆ 5. ಎಲ್ಲ ಕೂಡಿಸಿದರೆ 125 ಪರ್ಸೆಂಟ್. ಪ್ರೀಮಿಯಂ ಹೀಗೇ ಇರುತ್ತದೆಂದು ಹಿಡಿದರೂ 11,250. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 2,025. ಒಟ್ಟು 13,275. 1500 ಸಿಸಿ ಒಳಗಿನ ಕಾರಿಗೆ ಕ್ಲೇಮಿನಲ್ಲಿ ಮೊದಲ 1,000 ನಮ್ಮದೇ. ಅಂದರೆ ಬಿಲ್ಲು 14,275 ದಾಟಿದರೆ ಮಾತ್ರ ಕ್ಲೇಮು, ಇಲ್ಲದಿದ್ದರೆ ಕೈಯಿಂದ. ಅದೂ ಅವರು ಒಪ್ಪಿದರೆ.

ಅಡಿಗೆರೆ ಎಳೆದು ಹೆಂಡತಿಗೆ ತೋರಿಸಿದೆ. ಅವಳು ಚಪಾತಿ ಲಟ್ಟಿಸುತ್ತಲೇ ನೋಡಿ, “ಬೆಳಗಾವಿದೂ ಸೇರಿಸೀರೇನು?” ಎಂದಳು.

ಲೆಕ್ಕದಲ್ಲಿ ನಾನು ಬೇಕೆಂದೇ ಬಿಟ್ಟದ್ದು ಅದೊಂದೇ. ನಮ್ಮ ಪಾಲಿಸಿ ಮಾಡಿಸಿಕೊಟ್ಟ ಏಜೆಂಟ್ ಭಾವನ ವಾಕಿಂಗ್ ಗೆಳೆಯ. ಕ್ಲೇಮ್ ಹಾಕಿದರೆ ಅವನಿಗೆ ತಿಳಿಯುತ್ತದೆ. ಬೆಳಗ್ಗೆ ಅವನಿಗೆ ತಿಳಿದರೆ ಹತ್ತು ಗಂಟೆಗೆ ಭಾವನಿಗೆ, ಸಂಜೆಗೆ ಬೆಳಗಾವಿಯ ಟಿಳಕವಾಡಿಗೆಲ್ಲ. ನಿಜ ಹೇಳಬೇಕೆಂದರೆ ಪೆನ್ನು ಹಿಡಿಯುವ ಮೊದಲೇ ನನಗೆ ಉತ್ತರ ಗೊತ್ತಿತ್ತು. ಈ 125 ಪರ್ಸೆಂಟೆಲ್ಲ ನಾಚಿಕೆಗೆ ಉಡಿಸಿದ ಪಂಚೆ.

ಆದರೂ ಒಂದು ಭಯ ಉಳಿದಿತ್ತು. ಪಂಪು ಹೋಗಿದ್ದರೆ? ಲಕ್ಷದ ಮುಂದೆ ನಾಚಿಕೆ ಎಷ್ಟು ಹೊತ್ತು ನಿಂತೀತು?

“ಕ್ಲೇಮ್ ಬೇಡ, ಬಿಚ್ಚಿ ನೋಡಿ” ಎಂದು ಮೆಕ್ಯಾನಿಕ್‌ಗೆ ಹೇಳಿ, ಮರುದಿನ ರಜೆ ಹಾಕಿ ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತೆ. ಅವನು ಪಂಪಿನ ಮೇಲಿನ ವಾಲ್ವ್ ಬಿಚ್ಚಿದ. ಹುಡುಗನನ್ನು ಕರೆದು ಚಹಾದ ಬಿಳಿ ಬಸಿ ತರಿಸಿ, ಬನಿಯನ್ ಬಟ್ಟೆಯಿಂದ ಒರೆಸಿ, ಒಳಗಿದ್ದ ಎಣ್ಣೆಯನ್ನು ಅದಕ್ಕೆ ಬಗ್ಗಿಸಿದ. ಎರಡು ಚಮಚೆಯಷ್ಟು ಬಂತು. ತೆಳ್ಳಗಿನ ಹಳದಿ, ಮೂಗಿಗೆ ಹೊಡೆಯುವ ಪೆಟ್ರೋಲ್ ವಾಸನೆ. ಬಸಿಯನ್ನು ಮೆಲ್ಲಗೆ ಓರೆ ಮಾಡುತ್ತ ಮೊಬೈಲ್ ಟಾರ್ಚ್ ಬಿಟ್ಟ. ಲೋಹದ ಪುಡಿ ಇದ್ದರೆ ಮಿಂಚುತ್ತದೆ ಎಂದಿದ್ದ. ನಾನೂ ಬಗ್ಗಿದೆ. ಏನೋ ಫಳ್ ಎಂದಿತು. ಎದೆ ಧಸಕ್ಕೆಂದಿತು.

“ಅದು ಬಸಿ ಅಂಚಿನ ಬಂಗಾರ ಗೆರೀರಿ” ಎಂದ. ಬೆರಳದ್ದಿ ಹೆಬ್ಬೆರಳಿಗೆ ಉಜ್ಜಿ ನೋಡಿದ. ಅಯಸ್ಕಾಂತ ಆಡಿಸಿದ. “ಚಮಕ್ ಇಲ್ರಿ ಸಾಹೇಬ್ರ. ಬಚಾವ್ ಆದ್ರಿ.”

ಟ್ಯಾಂಕ್ ಇಳಿಸಿ ತೊಳೆದು, ಲೈನ್ ಫ್ಲಶ್ ಮಾಡಿ, ಹೊಸ ಫಿಲ್ಟರ್ ಹಾಕಿ 9,600 ಬಿಲ್ಲು. ಡೀಸೆಲ್ ಬೇರೆ. ಕೈಯಿಂದಲೇ ಕೊಟ್ಟೆ. ಹೊರಡುವಾಗ ಮೂಲೆಯ ಎರಡು ಕ್ಯಾನ್ ತೋರಿಸಿ, “ನಿಮ್ಮ ಮಿಕ್ಸ್ ಮಾಲು. ಒಯ್ತೀರೇನ್ರಿ?” ಎಂದ. ಬೇಡ ಎಂದೆ.

ಅಂದಿನಿಂದ ಪಂಪಿನಲ್ಲಿ ಗಾಜು ಇಳಿಸುವುದು ನಾನು, ಮಾತಾಡುವುದು ಮನೆಯವರು. ಪಕ್ಕದ ಸೀಟಿನಿಂದ ಹೆಂಡತಿ, ಹಿಂದಿನಿಂದ ಮಕ್ಕಳಿಬ್ಬರು, ಒಟ್ಟಿಗೇ “ಡೀಸೆಲ್!” ಎಂದು ಕೂಗುತ್ತಾರೆ. ಪಂಪಿನ ಹುಡುಗರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಮೊನ್ನೆ ಪಾಲಿಸಿ ರಿನ್ಯೂ ಮಾಡಲು ಕೂತೆ. ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ ಎಂದು ಸ್ಕ್ರೀನು ಕೇಳಿತು. ಬೆರಳು ಒಂದು ಕ್ಷಣ ತಡೆಯಿತು.

ಹಿಂದಿನಿಂದ ಬಗ್ಗಿ ನೋಡುತ್ತಿದ್ದ ಹೆಂಡತಿ, “ಇಲ್ಲ ಅಂತ ಒತ್ರಿ” ಎಂದಳು. “ಕ್ಲೇಮ್ ಮಾಡೀರೇನು ಅಂತ ಕೇಳ್ಯಾರ. ತಪ್ಪು ಮಾಡೀರೇನು ಅಂತ ಕೇಳಿಲ್ಲ.”